ಮಾಡಿದ್ದನ್ನು ಅರಿಯುವುದು

ಅಣ್ಣನ ಉತ್ತರಕ್ರಿಯೆಯ ದಿನ ಊಟಕ್ಕೆ ಎಲೆ ಹಾಕುವ ಮೊದಲು ನುಡಿನಮನ ಇಟ್ಟುಕೊಂಡಿದ್ದರು. ನಮ್ಮ ಕಡೆ ಈಗ ಇದೊಂದು ಕ್ರಮವೇ ಆಗಿಬಿಟ್ಟಿದೆ. ಸಭಾಭವನದ ವೇದಿಕೆಯ ಮೇಲೆ ಹಾರ ಹಾಕಿದ ಭಾವಚಿತ್ರ, ಪಕ್ಕದಲ್ಲಿ ಕಾಲುದೀಪ, ಎದುರಿಗೊಂದು ಮೈಕು. ಊರಿನ ಹಿರಿಯರೊಬ್ಬರು ಎದ್ದು ನಿಂತು, "ಮೂವತ್ತೈದು ವರ್ಷ ಮರಳುಗಾಡಿನ ಬಿಸಿಲಲ್ಲಿ ಬೆಂದು, ಕುಟುಂಬಕ್ಕಾಗಿ ಗಂಧದ ಕೊರಡಿನಂತೆ ತೇಯ್ದ ಜೀವ ಇದು. ನಿಜವಾದ ಕರ್ಮಯೋಗಿ" ಎಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಎರಡು ತಿಂಗಳ ಹಿಂದೆ ಅದೇ ಸಭಾಭವನದಲ್ಲಿ ಇನ್ನೊಬ್ಬರ ಭಾವಚಿತ್ರದ ಮುಂದೆಯೂ ಅದೇ ಗಂಧದ ಕೊರಡನ್ನು ತೇಯ್ದದ್ದನ್ನು ನಾನು ಕೇಳಿದ್ದೆ.

ಆಮೇಲೆ ಯಾರೋ, "ತಂಗಿ ಟೀಚರ್ ಅಲ್ವಾ, ಎರಡು ಮಾತು ಹೇಳಲಿ" ಎಂದರು. ಎದ್ದೆ. ಮೂವತ್ತು ವರ್ಷದಿಂದ ಮಕ್ಕಳ ಮುಂದೆ ನಿಂತು ಮಾತಾಡಿದವಳು ನಾನು. ಸ್ವಾತಂತ್ರ್ಯೋತ್ಸವಕ್ಕೆ, ಶಾಲಾ ವಾರ್ಷಿಕೋತ್ಸವಕ್ಕೆ ಚೀಟಿ ನೋಡದೆ ಭಾಷಣ ಮಾಡಿದ್ದೇನೆ. "ಅಣ್ಣ ನಮಗಾಗಿ ತುಂಬಾ ಕಷ್ಟಪಟ್ಟ" ಎಂದೆ. ಮುಂದಿನ ವಾಕ್ಯ ಬರಲಿಲ್ಲ. ಸ್ವಲ್ಪ ಹೊತ್ತು ನಿಂತು, ಕೈ ಮುಗಿದು ಬಂದು ಕುಳಿತೆ. ದುಃಖದಿಂದ ಗಂಟಲು ಕಟ್ಟಿತೆಂದು ಎಲ್ಲರೂ ತಿಳಿದರು. ಪಕ್ಕದಲ್ಲಿದ್ದವರು ಬೆನ್ನು ಸವರಿದರು. ನಿಜ ಹೇಳಬೇಕೆಂದರೆ ಕಾರಣ ಅದಲ್ಲ. ಅಣ್ಣ ಕಷ್ಟಪಟ್ಟ ಎಂದು ನನಗೆ ಗೊತ್ತಿತ್ತು. ಏನು ಕಷ್ಟಪಟ್ಟ ಎಂಬುದು ಗೊತ್ತಿರಲಿಲ್ಲ.

ಅಣ್ಣ ಹುಟ್ಟಿದ್ದು 1956ರಲ್ಲಿ, ಕಾರ್ಕಳದ ಹತ್ತಿರದ ನಮ್ಮ ಹಳ್ಳಿಯಲ್ಲಿ. ನಾನು ಅವನಿಗಿಂತ ಹನ್ನೆರಡು ವರ್ಷಕ್ಕೆ ಸಣ್ಣವಳು. ನಡುವೆ ಅಕ್ಕ, ನನ್ನ ಹಿಂದೆ ತಂಗಿ. ಅಪ್ಪ ಗೇಣಿ ಒಕ್ಕಲು. 1974ರ ಭೂಸುಧಾರಣೆಯ ನಂತರ ಡಿಕ್ಲರೇಶನ್ ಕೊಟ್ಟು ಗದ್ದೆ ನಮ್ಮ ಹೆಸರಿಗಾಯಿತು. ಆದರೆ ಒಂದು ಎಕ್ರೆ ಚಿಲ್ಲರೆ ಗದ್ದೆ ಆರು ಹೊಟ್ಟೆಗೆ ಸಾಲುತ್ತಿರಲಿಲ್ಲ. ಅಣ್ಣ ಮಂಗಳೂರಿನ ಐಟಿಐಯಲ್ಲಿ ಫಿಟ್ಟರ್ ಕಲಿತು, ಎರಡು ವರ್ಷ ಬೊಂಬಾಯಿಯ ಒಂದು ವರ್ಕ್‌ಶಾಪಿನಲ್ಲಿದ್ದು, 1979ರಲ್ಲಿ ಏಜೆಂಟರ ಮೂಲಕ ಕುವೈತಿಗೆ ಹೋದ. ಅಲ್ಲಿನ ಎಣ್ಣೆ ಬಾವಿಗಳ ಕೆಲಸವನ್ನು ಗುತ್ತಿಗೆ ಹಿಡಿದ ಒಂದು ಕಂಪೆನಿಯಲ್ಲಿ ಅವನಿಗೆ ಕೆಲಸ. ಆಗ ಅವನಿಗೆ ಇಪ್ಪತ್ತಮೂರು.

"ಅಲ್ಲಿ ಬಾವಿಯಿಂದ ಎಣ್ಣೆ ಸೇದುವುದಾ?" ಎಂದು ಅಮ್ಮ ಮೊದಲ ರಜೆಯಲ್ಲಿ ಕೇಳಿದ್ದಳು. "ಹೌದಮ್ಮ, ಹಗ್ಗ ಮಾತ್ರ ಸ್ವಲ್ಪ ಉದ್ದ ಬೇಕು" ಎಂದು ಅವನು ನಕ್ಕಿದ್ದ. ಅವನ ಕೆಲಸದ ಬಗ್ಗೆ ನಮ್ಮ ಮನೆಯಲ್ಲಿ ನಡೆದ ಚರ್ಚೆ ಬಹುಶಃ ಅಷ್ಟೇ. ಒಮ್ಮೆ ಕಾಗದದಲ್ಲಿ, "ಇವತ್ತು ಮೂರು ಕ್ರಿಸ್‌ಮಸ್ ಟ್ರೀ ಸರ್ವೀಸ್ ಮಾಡಿದೆವು" ಎಂದು ಬರೆದಿದ್ದ. ನಾನಾಗ ಎಂಟನೆಯ ತರಗತಿ. ಅಣ್ಣ ಯಾರೋ ಸಾಹೇಬರ ಮನೆಯಲ್ಲಿ ಹಬ್ಬದ ಗಿಡಕ್ಕೆ ದೀಪ ಕಟ್ಟುತ್ತಾನೆ ಎಂದು ತಿಳಿದುಕೊಂಡು ಶಾಲೆಯಲ್ಲೂ ಹಾಗೆಯೇ ಹೇಳಿದ್ದೆ. ಎಣ್ಣೆ ಬಾವಿಯ ಬಾಯಿಗೆ ಒಂದರ ಮೇಲೊಂದು ಕೂಡಿಸಿದ ವಾಲ್ವುಗಳ ಗೊಂಚಲಿಗೆ ಆ ಹೆಸರು ಎಂಬುದು ನನಗೆ ತಿಳಿದದ್ದು ಮೊನ್ನೆ, ಅವನು ತೀರಿಕೊಂಡ ಮೇಲೆ. ನೆಲದಡಿಯಿಂದ ಒತ್ತಡದಲ್ಲಿ ಏರಿ ಬರುವ ಎಣ್ಣೆಯನ್ನೂ ಗ್ಯಾಸನ್ನೂ ಹಿಡಿದಿಡುವುದು ಆ ಗೊಂಚಲು. ಅದರ ಒಂದು ವಾಲ್ವು ಕೈಕೊಟ್ಟರೆ ಹತ್ತಿರವಿದ್ದವನ ಗತಿ ಹೇಳುವುದು ಬೇಡ. ನಮ್ಮಣ್ಣ ಅದರ ಹತ್ತಿರವಿದ್ದವನು.

ಅವನಿದ್ದದ್ದು ಬುರ್ಗಾನ್ ಎಂಬಲ್ಲಿ. ಜಗತ್ತಿನ ಅತಿ ದೊಡ್ಡ ಎಣ್ಣೆ ನಿಕ್ಷೇಪಗಳಲ್ಲಿ ಅದೊಂದು. 1938ರಲ್ಲಿ ಅಲ್ಲಿ ಎಣ್ಣೆ ಸಿಕ್ಕಿತು. ಮೊದಲ ಹಡಗು ತುಂಬಿ ಹೊರಟದ್ದು 1946ರಲ್ಲಿ. ಅದಕ್ಕೆ ಮೊದಲು ಕುವೈತಿನ ಗಂಡಸರು ಬೇಸಿಗೆಯ ನಾಲ್ಕು ತಿಂಗಳು ಮುತ್ತು ತೆಗೆಯಲು ಕಡಲಿಗೆ ಹೋಗುತ್ತಿದ್ದರಂತೆ. ಮುಳುಗುವವರಲ್ಲಿ ಹೆಚ್ಚಿನವರು ಹಡಗಿನ ಯಜಮಾನನಿಗೆ ಸಾಲಗಾರರು. ದೋಣಿಗಳು ಮರಳುವ ದಿನ ಮನೆಯ ಹೆಂಗಸರು ದಡದಲ್ಲಿ ಕಾಯುವುದು ಅಲ್ಲಿನ ರೂಢಿ. ಅಲ್ಲಿ 1961ರವರೆಗೂ ಚಲಾವಣೆಯಲ್ಲಿದ್ದದ್ದು ರೂಪಾಯಿ. ಆಮೇಲೆ ದಿನಾರ್ ಬಂತು. ಅದರ ಹಿಂದೆ ಹೋದವರು ನಾವು. ದಡದಲ್ಲಿ ಕಾಯುವ ಕೆಲಸವೂ ನಮ್ಮ ಕಡೆಯ ಹೆಂಗಸರ ಪಾಲಿಗೆ ಬಂತು.

ಅವನ ದುಡ್ಡಿನಿಂದ ಅಕ್ಕನ ಮದುವೆಯಾಯಿತು. ಮುಳಿ ಹುಲ್ಲಿನ ಮಾಡು ಹೋಗಿ ಹಂಚು ಬಂತು. ನಾನು ಬಿ.ಎ. ಮುಗಿಸಿದೆ. 1990ರ ಜೂನ್‌ನಲ್ಲಿ ಮಂಗಳೂರಿನಲ್ಲಿ ಬಿ.ಎಡ್.ಗೆ ಸೇರಿದೆ. ಫೀಸಿನ ಡ್ರಾಫ್ಟು ಅಣ್ಣನದು.

ಎರಡೇ ತಿಂಗಳು. ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿನೊಳಗೆ ನುಗ್ಗಿತು. ಟೆಲಿಫೋನಿಲ್ಲ, ಟಪಾಲಿಲ್ಲ. ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ನಮ್ಮ ಊರಿನ ಸುತ್ತಮುತ್ತ ಎರಡು ಮೂರು ಮನೆಗೊಬ್ಬರಂತೆ ಅಲ್ಲಿದ್ದರು. ಅತ್ತಿಗೆ ಐದು ವರ್ಷದ ಮಗನನ್ನೂ ಎರಡು ವರ್ಷದ ಮಗಳನ್ನೂ ಕಟ್ಟಿಕೊಂಡು ದಿನಾ ಸಂಜೆ ರೇಡಿಯೋದ ಮುಂದೆ ಕೂರುತ್ತಿದ್ದರು. ಅಮ್ಮ ದೈವಕ್ಕೆ ಹರಕೆ ಹೇಳಿಕೊಂಡಳು. ಅಮ್ಮಾನ್‌ನಿಂದ ಬೊಂಬಾಯಿಗೆ ಏರ್ ಇಂಡಿಯಾದ 400ಕ್ಕೂ ಹೆಚ್ಚು ವಿಮಾನಗಳು ಹಾರಿದವು. ಅದರಲ್ಲೊಂದರಲ್ಲಿ ಅಣ್ಣ ಬಂದಿಳಿದ. ಬಸ್ಸಿನಲ್ಲಿ ಬಸ್ರಾ, ಬಾಗ್ದಾದು ದಾಟಿ, ಗಡಿಯಲ್ಲಿ ಬಯಲಲ್ಲೇ ಮಲಗಿ ಬಂದನಂತೆ. ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಬೊಂಬಾಯಿ ಬಸ್ಸಿನಿಂದ ಇಳಿದಾಗ ಕೈಯಲ್ಲಿ ಒಂದು ರೆಕ್ಸಿನ್ ಚೀಲ. ಅದರೊಳಗೆ ಎರಡು ಅಂಗಿ, ಒಂದು ಸ್ಪ್ಯಾನರ್. "ಸ್ಪ್ಯಾನರ್ ಯಾಕೆ ತಂದದ್ದು?" ಎಂದು ಅಪ್ಪ ಕೇಳಿದರು. "ಕೈಗೆ ಸಿಕ್ಕಿತು" ಎಂದ.

ಅಲ್ಲಿಂದ ಒಂದು ವರ್ಷದ ಮೇಲೆ ನಾಲ್ಕು ತಿಂಗಳು ಅವನು ಮನೆಯಲ್ಲಿದ್ದ. ಗದ್ದೆ ಹೂಡಿದ, ಮಗನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟ. ಆ ಕಡೆ ಕುವೈತಿನಲ್ಲಿ ಸೋತು ಹಿಮ್ಮೆಟ್ಟುವ ಇರಾಕಿ ಸೈನ್ಯ 600ಕ್ಕೂ ಹೆಚ್ಚು ಎಣ್ಣೆ ಬಾವಿಗಳಿಗೆ ಬೆಂಕಿಯಿಟ್ಟಿತು. ಹಗಲಲ್ಲೂ ಕತ್ತಲು ಕವಿದ ಚಿತ್ರಗಳು ಪೇಪರಿನಲ್ಲಿ ಬಂದವು. ಅಣ್ಣ ಅವನ್ನು ಬಹಳ ಹೊತ್ತು ನೋಡುತ್ತಿದ್ದ. ಕೊನೆಯ ಬಾವಿಯ ಬೆಂಕಿ ಆರಿಸಿದ್ದು 1991ರ ನವೆಂಬರ್ 6ರಂದು. ಅದಾಗಿ ಸ್ವಲ್ಪ ದಿನಕ್ಕೆ ಹಳೆಯ ಕಂಪೆನಿಯ ಬೊಂಬಾಯಿ ಆಫೀಸಿನಿಂದ ಕಾಗದ ಬಂತು. ಹಾಳಾದ ಬಾವಿಗಳನ್ನು ಸರಿಪಡಿಸಬೇಕಾಗಿದೆ, ಹಳಬರು ಬರಲು ಸಿದ್ಧರಿದ್ದರೆ ತಿಳಿಸಬೇಕು, ಎಂದು.

ಆ ಕಾಗದಕ್ಕೆ ಉತ್ತರ ಬರೆದವಳು ನಾನು. ಮನೆಯಲ್ಲಿ ಇಂಗ್ಲಿಷು ಬರೆಯಬಲ್ಲವಳು ನಾನೊಬ್ಬಳೇ. ಬಿ.ಎಡ್. ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ತಂಗಿಗೆ ಒಂದು ಸಂಬಂಧ ಮಾತಾಗುತ್ತಿತ್ತು. ಉಳಿತಾಯವೆಲ್ಲ ಯುದ್ಧದಲ್ಲಿ ಕರಗಿ, ಅತ್ತಿಗೆಯ ಬಳೆ ಸೊಸೈಟಿಯಲ್ಲಿ ಅಡವಿತ್ತು. ನಾನು ಚಾವಡಿಯಲ್ಲಿ ಕುಳಿತು, ಮುಂದಿನ ಹಡಗೋ ವಿಮಾನವೋ ಯಾವುದು ಮೊದಲೋ ಅದರಲ್ಲಿ ಬಂದು ಸೇರಲು ಸಿದ್ಧನಿದ್ದೇನೆ ಎಂಬ ಅರ್ಥದಲ್ಲಿ ಒಂದು ಪುಟ ಬರೆದೆ. ಬಿ.ಎಡ್.ನಲ್ಲಿ ಕಲಿತ ಚೆಂದದ ಇಂಗ್ಲಿಷು. ಅಣ್ಣ ಅಂಗಳದಲ್ಲಿ ನೇಗಿಲು ತೊಳೆಯುತ್ತಿದ್ದ. ಕರೆದೆ. ಕೈ ಒರೆಸಿಕೊಂಡು ಬಂದು, ಓದದೆ ರುಜು ಹಾಕಿದ. ನಿನಗೆ ಹೋಗಲು ಮನಸ್ಸುಂಟಾ ಎಂದು ನಾನು ಕೇಳಲಿಲ್ಲ. ಅಮ್ಮ, ಅಪ್ಪ ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಎಂದು ಯಾರಿಗೂ ತೋರಲೂ ಇಲ್ಲ. ಕೇಳಿ, ಅವನು ಇಲ್ಲ ಎಂದುಬಿಟ್ಟರೆ ನಮ್ಮ ಹತ್ತಿರ ಬೇರೆ ದಾರಿ ಇರಲಿಲ್ಲ ಎಂಬುದೂ ಸತ್ಯವೇ. 1992ರ ಫೆಬ್ರವರಿಯಲ್ಲಿ ಅವನು ಹೊರಟ. ಮತ್ತೆ ಊರಿಗೆ ಖಾಯಂ ಬಂದದ್ದು 2016ರಲ್ಲಿ, ಅರುವತ್ತು ತುಂಬಿದ ಮೇಲೆ.

ನಡುವೆ ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಊರಿನವರು ಅವನನ್ನು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: "ಯಾವಾಗ ಬಂದದ್ದು?" "ಯಾವಾಗ ಹೋಗುವುದು?" ನಾವು ಅಷ್ಟೂ ಕೇಳುತ್ತಿರಲಿಲ್ಲ, ನಮಗೆ ತಾರೀಕು ಗೊತ್ತಿರುತ್ತಿತ್ತು. ಪೆಟ್ಟಿಗೆ ಬಿಚ್ಚಿ ಸೋಪು, ಹಾಲಿನ ಪುಡಿ ಹಂಚಿದ ಮೇಲೆ ಅವನು ಚಾವಡಿಯ ಕುರ್ಚಿಯಲ್ಲಿ ನೆಂಟರಂತೆ ಕೂರುತ್ತಿದ್ದ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಗಂಭೀರ ಸ್ವಭಾವ ಎಂದು ನಾವು ತೀರ್ಮಾನಿಸಿದ್ದೆವು.

ಒಂದು ಸಲ ಮಾತ್ರ ನಾನು ಬೇರೆ ಅಣ್ಣನನ್ನು ನೋಡಿದೆ. ನಮ್ಮ ಶಾಲೆಯ ಬೋರ್‌ವೆಲ್ಲಿನ ಕೈಪಂಪು ಕೆಟ್ಟು ತಿಂಗಳಾಗಿತ್ತು. ರಜೆಯಲ್ಲಿದ್ದ ಅವನು ಬಂದು, ಒಂದು ಕಬ್ಬಿಣದ ಸರಳನ್ನು ಪಂಪಿಗೆ ತಾಗಿಸಿ ಇನ್ನೊಂದು ತುದಿಗೆ ಕಿವಿಯಿಟ್ಟು ಕೇಳಿದ. "ವಾಷರ್ ಹೋಗಿದೆ, ಸರಳೂ ಸವೆದಿದೆ" ಎಂದು ಹುಡುಗರನ್ನು ಸುತ್ತ ಸೇರಿಸಿಕೊಂಡು ಎಲ್ಲ ಬಿಚ್ಚಿ ತೋರಿಸಿ ವಿವರಿಸಿದ. ಮಧ್ಯಾಹ್ನ ನೀರು ಬಂದಾಗ ಹುಡುಗರು ಬೊಬ್ಬೆ ಹೊಡೆದರು. ಅವನೂ ಅವರ ಜತೆ ದೊಡ್ಡದಾಗಿ ನಗುತ್ತ ಅಂಗಿ ಒದ್ದೆ ಮಾಡಿಕೊಂಡ. ನಾನು, "ಊಟಕ್ಕೆ ಹೊತ್ತಾಯಿತು ಅಣ್ಣ, ಅತ್ತಿಗೆ ಕಾಯುತ್ತಾರೆ" ಎಂದೆ. ಆ ನಗುವನ್ನು ನೋಡಿ ಒಂದು ಪ್ರಶ್ನೆ ಕೇಳಬಹುದಿತ್ತು.

2023ರಲ್ಲಿ ಅವನು ತೀರಿಕೊಂಡ. ರಾತ್ರಿ ಎದೆನೋವು, ಆಸ್ಪತ್ರೆ ಮುಟ್ಟುವಾಗ ಮುಗಿದಿತ್ತು. ಉತ್ತರಕ್ರಿಯೆಗೆ ಕಣ್ಣೂರಿನಿಂದ ಒಬ್ಬರು ಬಂದಿದ್ದರು, ಅಣ್ಣನ ಜತೆ ಇಪ್ಪತ್ತು ವರ್ಷ ಕೆಲಸ ಮಾಡಿದವರು. ಊಟವಾಗಿ ಎಲ್ಲರೂ ಚದುರಿದ ಮೇಲೆ ಅವರು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು, ಅಣ್ಣನಿಂದಲೇ ಕಲಿತ ಕನ್ನಡದಲ್ಲಿ ಮಾತಾಡಿದರು. ನನ್ನ ಅಣ್ಣನ ಪರಿಚಯವನ್ನು ನನಗೆ ಮಾಡಿಕೊಟ್ಟವರು ಅವರು.

1992ರಲ್ಲಿ ಇವರು ಹೋದಾಗ ಮರಳುಗಾಡಿನಲ್ಲಿ ಕೆರೆಗಳಂತೆ ಎಣ್ಣೆ ನಿಂತಿತ್ತಂತೆ. ನೀರೆಂದು ಇಳಿದ ಹಕ್ಕಿಗಳು ಮತ್ತೆ ಏಳುತ್ತಿರಲಿಲ್ಲ. ಅಣ್ಣ ಬಿಡುವಿನ ಹೊತ್ತಿನಲ್ಲಿ ಒಂದೆರಡನ್ನು ಎತ್ತಿ ತಂದು ಒರೆಸಿ ನೋಡಿದ್ದನಂತೆ, ಒಂದೂ ಬದುಕಲಿಲ್ಲ. ಬೇಸಿಗೆಯಲ್ಲಿ ನೆರಳಿನಲ್ಲೇ 50 ಡಿಗ್ರಿ. ಅವನು ಬಿಟ್ಟು ಬಂದ 2016ರ ಜುಲೈಯಲ್ಲಿ ಕುವೈತಿನ ಒಂದು ಕಡೆ ಸುಮಾರು 54 ಡಿಗ್ರಿ ದಾಖಲಾಯಿತು. ಸ್ಪ್ಯಾನರನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಕೆಲವು ಬಾವಿಗಳಲ್ಲಿ ವಿಷದ ಗ್ಯಾಸು. ಕೊಳೆತ ಮೊಟ್ಟೆಯ ವಾಸನೆ. ಆದರೆ ಗ್ಯಾಸು ಹೆಚ್ಚಾದರೆ ಮೂಗು ಸತ್ತುಹೋಗಿ ವಾಸನೆಯೇ ತಿಳಿಯುವುದಿಲ್ಲವಂತೆ. ಹೊಸ ಹುಡುಗರಿಗೆ ಅಣ್ಣ ಮೊದಲ ದಿನವೇ ಹೇಳುವ ಪಾಠ ಅದು: "ವಾಸನೆ ನಿಂತಿತು ಅಂತ ಅಪಾಯ ಹೋಯಿತು ಅಂದುಕೊಳ್ಳಬೇಡಿ."

ಇಷ್ಟು ಹೇಳಿ ಅವರು, "ಆದರೆ ಟೀಚರೇ, ಅಲ್ಲಿ ಅವರಷ್ಟು ಖುಷಿಯ ಮನುಷ್ಯ ಇನ್ನೊಬ್ಬ ಇರಲಿಲ್ಲ" ಎಂದರು. ರಾತ್ರಿ ಕ್ಯಾಂಪಿನಲ್ಲಿ ಅಡುಗೆ ಮಾಡುತ್ತ ಯಕ್ಷಗಾನದ ಪದ ಹಾಡುತ್ತಿದ್ದನಂತೆ. ಡಬ್ಬದ ಮೇಲೆ ಚೆಂಡೆ ಬಾರಿಸುತ್ತಿದ್ದನಂತೆ. ಹೊಸ ವಾಲ್ವು ಕೂಡಿಸಿ, ಬಾವಿ ಮತ್ತೆ ಹರಿಯತೊಡಗಿದಾಗ ಸರಳಿಗೆ ಕಿವಿಯಿಟ್ಟು ಕೇಳಿ, "ಬಂತು" ಎಂದು ಮಕ್ಕಳಂತೆ ನಗುತ್ತಿದ್ದನಂತೆ. ಎಷ್ಟೋ ಹುಡುಗರಿಗೆ ಕೆಲಸ ಕಲಿಸಿದ್ದ. ಕೊನೆಗೆ ಅವರು ಹೇಳಿದ್ದು ಇದು: "ನಿಮ್ಮ ಬಗ್ಗೆ ಹೇಳದ ದಿನ ಇಲ್ಲ. ನಮ್ಮ ತಂಗಿ ಟೀಚರ್, ಯುದ್ಧ ಮುಗಿದ ಮೇಲೆ ನನ್ನನ್ನು ಇಲ್ಲಿಗೆ ತಂದದ್ದು ಅವಳ ಇಂಗ್ಲಿಷು, ಅಂತ."

ಮೂವತ್ತು ವರ್ಷ ನನ್ನನ್ನು ಒಳಗೆ ಚುಚ್ಚುತ್ತಿದ್ದ ಕಾಗದವನ್ನು ಅವನು ಹೆಮ್ಮೆಯಿಂದ ಹೇಳಿಕೊಂಡಿದ್ದ. ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವನು ದುಃಖದಿಂದ ಹೋದನೆಂದು ನಾನು ತಿಳಿದಿದ್ದೆ. ಅದೂ ಕೇಳಿ ತಿಳಿದದ್ದಲ್ಲ. ಅವನು ಇಷ್ಟಪಟ್ಟು ಹೋದನೆಂದು ಈಗ ತಿಳಿಯುತ್ತೇನೆ. ಇದೂ ಅವನಿಂದ ಕೇಳಿದ್ದಲ್ಲ. ಒಂದು ಸಲ ನಮ್ಮ ಅನುಕೂಲಕ್ಕಾಗಿ ಅವನ ಮನಸ್ಸನ್ನು ನಾನು ಊಹಿಸಿದೆ. ಈಗ ನನ್ನ ನೆಮ್ಮದಿಗಾಗಿ ಮತ್ತೊಮ್ಮೆ ಊಹಿಸಬೇಕೇ?

ಅಂದು ವೇದಿಕೆಯಲ್ಲಿ ಕೇಳಿದ ತ್ಯಾಗ ಎಂಬ ಮಾತು ನನಗೆ ಯಾಕೆ ಒಗ್ಗಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಒಬ್ಬನ ಬದುಕನ್ನು ಇಡಿಯಾಗಿ ತ್ಯಾಗ ಎಂದು ಕರೆದರೆ ಅದರಲ್ಲಿ ಅವನದೆಂದು ಏನೂ ಉಳಿಯುವುದಿಲ್ಲ. ಎಲ್ಲವೂ ನಮಗೆ ಬಂದ ಕೊಡುಗೆಯಾಗಿಬಿಡುತ್ತದೆ. ಅವನ ಯಕ್ಷಗಾನದ ಪದ, ಸರಳಿಗೆ ಇಟ್ಟ ಕಿವಿ, ಅವನು ಒರೆಸಿದ ಹಕ್ಕಿ, ಇವಕ್ಕೆ ಆ ಲೆಕ್ಕದಲ್ಲಿ ಜಾಗವಿಲ್ಲ. ಸತ್ತವನನ್ನು ಹೊಗಳುತ್ತ ನಾವು ಅವನ ಬದುಕನ್ನೂ ನಮ್ಮ ಹೆಸರಿಗೆ ಬರೆಸಿಕೊಳ್ಳುತ್ತೇವೆ.

ರತ್ನಾಕರನೆಂಬ ಬೇಡ ವಾಲ್ಮೀಕಿಯಾದ ಕತೆಯನ್ನು ನಾನು ಎಷ್ಟು ಬ್ಯಾಚಿನ ಮಕ್ಕಳಿಗೆ ಹೇಳಿದ್ದೇನೋ. ದಾರಿಹೋಕರನ್ನು ದೋಚುವ ಅವನು ನಾರದರ ಮಾತಿನಂತೆ ಮನೆಗೆ ಹೋಗಿ, ನನ್ನ ಪಾಪದಲ್ಲಿ ಪಾಲು ತೆಗೆದುಕೊಳ್ಳುತ್ತೀರಾ ಎಂದು ಕೇಳುತ್ತಾನೆ. ಸಾಕುವುದು ನಿನ್ನ ಕರ್ತವ್ಯ, ಪಾಪ ನಿನ್ನದೇ, ಎನ್ನುತ್ತಾರೆ ಹೆಂಡತಿ ಮಕ್ಕಳು. ಎಂಥ ಸ್ವಾರ್ಥಿಗಳು ಎಂದು ಮಕ್ಕಳು ಪ್ರತಿ ವರ್ಷ ಹೇಳುತ್ತಾರೆ, ನಾನು ತಲೆಯಾಡಿಸುತ್ತೇನೆ. ಈಗ ನನಗೆ ಅನಿಸುವುದು ಬೇರೆ. ಆ ಮನೆಯವರಿಗೆ ಅಷ್ಟು ವರ್ಷ ಅವನು ಏನು ಮಾಡುತ್ತಾನೆಂದು ಕೇಳುವ ಅಗತ್ಯವೇ ಕಂಡಿರಲಿಲ್ಲ. ನಮ್ಮ ಅಣ್ಣ ದುಡಿದದ್ದು ಪಾಪದ ದುಡ್ಡಲ್ಲ, ಬೆವರಿನದು. ಆದರೆ ಮನೆಯೊಳಗಿನ ಮೌನ ಎರಡೂ ಕಡೆ ಒಂದೇ. ಇದಕ್ಕೆ ಎದುರಾಗಿ ನನಗೆ ನೆನಪಾಗುವವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ಯಾಕೆ, ಎಲ್ಲಿಂದ, ಎಂದು ವಿಚಾರಿಸಿ, ಹೆಚ್ಚಾದದ್ದನ್ನು ಹಿಂದೆ ಕಳಿಸಿದವಳು. ಅವಳ ವೈರಾಗ್ಯವನ್ನು ನಾವು ಕೊಂಡಾಡುತ್ತೇವೆ. ಅವಳು ಚೀಲ ಬಿಚ್ಚಿ ನೋಡಿದಳು, ಗಂಡನ ಮುಖ ನೋಡಿ ಕೇಳಿದಳು ಎಂಬುದು ನನಗೆ ಈಗ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಮ್ಮ ಮನೆಯಲ್ಲಿ ಡ್ರಾಫ್ಟಿನ ಮೊತ್ತ ನೋಡುವವರಿದ್ದರು.

ಕೃತಜ್ಞ ಮತ್ತು ಕೃತಘ್ನ ಎಂಬ ಎರಡು ಪದಗಳ ವ್ಯತ್ಯಾಸವನ್ನು ನಾನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಮಕ್ಕಳು ಬರೆಯುವಾಗ ತಪ್ಪುವ ಪದಗಳು. ಕೃತ ಎಂದರೆ ಮಾಡಿದ್ದು. ಮಾಡಿದ್ದನ್ನು ಕೊಲ್ಲುವವನು ಕೃತಘ್ನ. ಮಾಡಿದ್ದನ್ನು ಅರಿತವನು ಕೃತಜ್ಞ. ಇಷ್ಟು ವರ್ಷ ಇದು ನನಗೆ ವ್ಯಾಕರಣವಾಗಿತ್ತು. ಕೃತಜ್ಞತೆ ಎಂದರೆ ಕೈ ಮುಗಿಯುವುದಲ್ಲ, ಹಾರ ಹಾಕುವುದಲ್ಲ, ಅರಿಯುವುದು ಎಂದು ಪದವೇ ಹೇಳುತ್ತಿದ್ದರೂ ಕೇಳಿಸಿರಲಿಲ್ಲ. ಅಣ್ಣನ ವಿಷಯದಲ್ಲಿ ನಾವು ಕೃತಘ್ನರಾಗಿರಲಿಲ್ಲ. ಅವನನ್ನು ಪ್ರೀತಿಸಿದೆವು, ಬಂದಾಗ ಕೋಳಿ ಕೊಯ್ದೆವು, ಹೋಗುವಾಗ ಅತ್ತೆವು. ಆದರೆ ಕೃತಜ್ಞರೂ ಆಗಿರಲಿಲ್ಲ. ಅವನಿಲ್ಲದ ಮನೆ ನಮಗೆ ಎಷ್ಟು ರೂಢಿಯಾಗಿತ್ತೆಂದರೆ ಅದರಲ್ಲಿ ಒಂದು ಕೊರತೆ ಇದೆ ಎಂಬ ವಾಸನೆಯೂ ನಮಗೆ ಬರುತ್ತಿರಲಿಲ್ಲ. ಅಣ್ಣ ಹುಡುಗರಿಗೆ ಹೇಳಿಕೊಟ್ಟ ಪಾಠ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇದನ್ನೆಲ್ಲ ಒಂದು ದಿನ ಅತ್ತಿಗೆಯ ಹತ್ತಿರ ಹೇಳಿದೆ. ಅವರು ಮಲ್ಲಿಗೆ ಕಟ್ಟುತ್ತಿದ್ದರು. "ಕೇಳಿದ್ದರೆ ಅವರು ಹೇಳುತ್ತಿದ್ದರು ಅಂತ ನೀನು ತಿಳಿದದ್ದಾ?" ಎಂದರು. "ನಾನು ಒಂದೆರಡು ಸಲ ಕೇಳಿದ್ದೆ ಮಾರಾಯ್ತಿ. ಅಲ್ಲಿದು ಅಲ್ಲಿಗೆ, ಅಂತ ಹೇಳಿ ಸುಮ್ಮನಾದರು." ಹಾಗಾದರೆ ಮೌನ ಅವನದೂ ಹೌದು. ತನ್ನ ಕಷ್ಟವನ್ನೂ ತನ್ನ ಖುಷಿಯನ್ನೂ ತನ್ನಲ್ಲೇ ಇಟ್ಟುಕೊಳ್ಳುವ ಹಕ್ಕು ಮನುಷ್ಯನಿಗೆ ಇದೆ. ಮನೆಯವರಿಗೆ ತಿಳಿದರೆ ಉಣ್ಣುವ ಅನ್ನ ಗಂಟಲಲ್ಲಿ ಇಳಿಯದು ಎಂದೇ ಎಷ್ಟೋ ಗಂಡಸರು ಹೇಳುವುದಿಲ್ಲವೇನೋ. ಆ ಹಕ್ಕನ್ನು ನಾನು ಒಪ್ಪುತ್ತೇನೆ. ಆದರೆ ಕೇಳಿದಾಗ ಹೇಳದಿರುವುದು ಅವನ ಮೌನ. ಕೇಳದೇ ಇದ್ದದ್ದು ನನ್ನದು. ಒಂದನ್ನು ತೋರಿಸಿ ಇನ್ನೊಂದರಿಂದ ತಪ್ಪಿಸಿಕೊಳ್ಳಲಾಗದು.

ಅತ್ತಿಗೆ ಮುಂದುವರಿಸಿದರು. "ಮದುವೆ ಆದದ್ದು 1983ರಲ್ಲಿ. ಅವರು ಬಿಟ್ಟು ಬರುವವರೆಗೆ ಮೂವತ್ತಮೂರು ವರ್ಷ. ನಾವು ಒಂದು ಮಾಡಿನಡಿ ಇದ್ದದ್ದು, ಆ ಯುದ್ಧದ ರಜೆ ಸೇರಿಸಿ, ಹೆಚ್ಚು ಕಡಿಮೆ ನಾಲ್ಕು ವರ್ಷ. ನಾನು ಲೆಕ್ಕ ಹಾಕಿದ್ದೇನೆ." ದಾರ ಎಳೆದು ಗಂಟು ಹಾಕಿದರು. ಅಪ್ಪ ಹಾಸಿಗೆ ಹಿಡಿದ ಮೂರು ವರ್ಷ ನೋಡಿಕೊಂಡವರು ಅವರು. ಮಗನಿಗೆ ಟೈಫಾಯಿಡ್ ಆದಾಗ ಮಳೆಯಲ್ಲಿ ಒಬ್ಬರೇ ಹೊತ್ತುಕೊಂಡು ರಸ್ತೆಗೆ ಬಂದವರು ಅವರು. ತಂಗಿಯ ಮದುವೆಗೆ ಬಿಡಿಸಿಕೊಂಡ ಬಳೆಯನ್ನು ಮತ್ತೆ ಅಡವಿಟ್ಟವರೂ ಅವರೇ. ನುಡಿನಮನದ ದಿನ ಅವರ ಹೆಸರನ್ನು ಯಾರೂ ತೆಗೆದಿರಲಿಲ್ಲ. "ಪತ್ನಿ, ಮಕ್ಕಳನ್ನು ಅಗಲಿದ್ದಾರೆ" ಎಂಬಲ್ಲಿ ಬಂದ ಪತ್ನಿ ಎಂಬ ಒಂದು ಪದ ಅಷ್ಟೇ.

ನಾನು ಕೇಳಿದೆ: "ಆ ವರ್ಷಗಳಲ್ಲಿ ನೀವು ಹೇಗಿದ್ದಿರಿ ಅತ್ತಿಗೆ? ಒಬ್ಬರೇ ಹೇಗೆ ಸುಧಾರಿಸಿದಿರಿ?"

ಅವರು ತಲೆ ಎತ್ತಿ ನನ್ನನ್ನು ನೋಡಿದರು. "ಈಗ ಕೇಳುತ್ತೀಯಲ್ಲ" ಎಂದರು. ಅದರಲ್ಲಿ ಸಿಟ್ಟು ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಹೂ ಕಟ್ಟಿದರು. ಆಮೇಲೆ, "ಕೂತುಕೋ, ಹೇಳುತ್ತೇನೆ. ಒಂದು ದಿನದಲ್ಲಿ ಮುಗಿಯುವುದಿಲ್ಲ" ಎಂದರು.

ಈಗ ಆದಿತ್ಯವಾರಗಳಲ್ಲಿ ಅಲ್ಲಿಗೆ ಹೋಗುತ್ತೇನೆ.